ಕ್ಯಾರಿಯರ್ ಮಾಡಿಸ್ತೀರಾ? ಪೈಪ್ ಕಮ್ಮಿ ಮಾಡಿ, ಕಾಲು ಗಟ್ಟಿ ಮಾಡಿ

ಮಾರುತಿ ಜಿಮ್ನಿ ಇಟ್ಕೊಂಡಿರೋರ ಸಂಕಟ ಅಂದ್ರೆ ಡಿಕ್ಕಿ. ಹಿಂದಿನ ಸೀಟು ನೆಟ್ಟಗಿದ್ರೆ 208 ಲೀಟರ್, ಎರಡು ಬ್ಯಾಗು ಒಂದು ಸ್ಟೌ ಇಟ್ರೆ ಮುಗೀತು, ಟೆಂಟು ಕುರ್ಚಿ ಎಲ್ಲಾ ಮಕ್ಕಳ ಕಾಲ ಕೆಳಗೆ. ಸೀಟು ಮಡಚಿದ್ರೆ 332 ಲೀಟರ್ ಸಿಗತ್ತೆ, ಆದ್ರೆ ಆಗ ಮನೇಲಿ ಇಬ್ರನ್ನ ಬಿಟ್ಟು ಹೋಗ್ಬೇಕು. ಹಂಗಾಗಿ ಮೇಲೊಂದು ಕ್ಯಾರಿಯರ್ ಬೇಕೇ ಬೇಕು ಅಂತಾಯ್ತು. ಜೆಸಿ ರೋಡಲ್ಲಿ ರೆಡಿಮೇಡ್ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ, ಆದ್ರೆ ಚೆನ್ನಾಗಿರೋದರ ರೇಟ್ ಕೇಳಿದ್ರೆ ಸುಮ್ನೆ ಮನೆಗೆ ವಾಪಸ್ ಬರಬೇಕು, ಕಮ್ಮಿ ರೇಟಿಂದು ಕೈಯಲ್ಲಿ ಎತ್ತಿ ನೋಡಿದ್ರೆ ಕಬ್ಬಿಣದ ಮಂಚ. ಸೋ ಕಾಮಾಕ್ಷಿಪಾಳ್ಯದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ, ಅಲ್ಲೇ ಮಾಡಿಸಿದೆ. ಅಳತೆ, ಡ್ರಾಯಿಂಗು, ಡ್ರಿಲ್ಲಿಂಗು, ಉಜ್ಜೋದು ನಂದು, ವೆಲ್ಡಿಂಗ್ ಅಲ್ಲಿರೋ ಅಣ್ಣಂದು. ಅದನ್ನ ನೋಡಿ ನಮ್ಮ ಭಾವ ಸಕಲೇಶಪುರದಿಂದ ಅವರ ಇಸುಜು ವಿ-ಕ್ರಾಸ್ ಪಿಕಪ್ ತಗೊಂಡು ಬಂದು "ನಂದುಕ್ಕೂ ಹಿಂದ್ಗಡೆ ಒಂದು ಮಾಡ್ಸ್ಕೊಡೋ" ಅಂದ್ರು. ಎರಡೂ ಬೇರೆ ಬೇರೆ ಥರದ ಕೆಲ್ಸ, ಆದ್ರೆ ಎರಡರಲ್ಲೂ ಜಗಳ ಆಗಿದ್ದು ಒಂದೇ ವಿಷ್ಯಕ್ಕೆ, ಅದನ್ನೇ ಬರೀತಿದೀನಿ.

ಜಗಳ ಏನಂದ್ರೆ ತೂಕ. ಬೆಂಗಳೂರಲ್ಲಿ ಯಾವ ವೆಲ್ಡಿಂಗ್ ಶಾಪಿಗೆ ಹೋಗಿ ಕ್ಯಾರಿಯರ್ ಅನ್ನಿ, ಅವರ ತಲೇಲಿ ಬರೋದು ಹಳೇ ಟ್ರಾಕ್ಸು, ಮೆಟಡೋರು, ಮಲೆನಾಡ್ ಕಡೆ ಜೀಪು. ಅಡಿಕೆ ಮೂಟೆ, ಬಾಳೆಗೊನೆ, ಅದರ ಮೇಲೆ ನಾಕು ಜನ ಕೂತ್ಕೊಂಡು ಹೋಗ್ತಿದ್ದ ಗಾಡಿಗಳು ಅವು. ಅದಕ್ಕೆ ಮಾಡ್ತಿದ್ದ ಕ್ಯಾರಿಯರ್ ಡಿಸೈನೇ ಇವತ್ತಿಗೂ ನಡೀತಿದೆ. ನಾನು ಡ್ರಾಯಿಂಗ್ ತೋರಿಸಿದ ತಕ್ಷಣ ಅಣ್ಣ ಹೇಳಿದ್ದು "ಇಷ್ಟೇನಾ ಸಾರ್, ಮಧ್ಯ ಇನ್ನೊಂದು ನಾಕು ಪೈಪ್ ಹಾಕ್ಬಿಡೋಣ, ಸುತ್ತ ಇನ್ನೊಂದು ರೌಂಡ್ ಮೇಲೆ ಕೊಡೋಣ, ಗಟ್ಟಿ ಇರತ್ತೆ". ಅವರದ್ದು ತಪ್ಪು ಅಂತಲ್ಲ, ಮುರಿದು ಬಂದ್ರೆ ಬೈಸ್ಕೊಳ್ಳೋದು ಅವರೇ, ಭಾರ ಜಾಸ್ತಿ ಆಯ್ತು ಅಂತ ವಾಪಸ್ ಬಂದು ಬೈಯೋ ಗಿರಾಕಿ ಯಾರೂ ಇಲ್ಲ. ಆದ್ರೆ ಒಂದ್ಸಲ ಲೆಕ್ಕ ಹಾಕಿ ನೋಡಿ.

ಅವರು ಹೇಳಿದ ಥರ ಮಾಡಿದ್ರೆ: 1.5 ಮೀಟರ್ ಉದ್ದ, 1.2 ಮೀಟರ್ ಅಗಲ. ಸುತ್ತಳತೆ 5.4 ಮೀಟರ್, ಕೆಳಗೊಂದು ಮೇಲೊಂದು ರೌಂಡ್ ಅಂದ್ರೆ 10.8. ಮಧ್ಯ ಅಡ್ಡಪಟ್ಟಿ ಆರು, 7.2 ಮೀಟರ್. ಎರಡು ರೌಂಡಿಗೂ ನಡುವೆ ಕೊಡೋ ಗಿಡ್ಡ ಕಂಬಗಳು ಒಂದು ಮೀಟರ್ ಮೇಲೆ. ಒಟ್ಟು 19 ಮೀಟರ್ ಪೈಪು. ಒನ್ ಬೈ ಒನ್ ಹದಿನಾಲ್ಕು ಗೇಜ್, ಅಂದ್ರೆ 25×25 ಎಂಎಂ, 2 ಎಂಎಂ ದಪ್ಪದ ಚೌಕದ ಎಂಎಸ್ (ಮಾಮೂಲಿ ಕಬ್ಬಿಣ) ಪೈಪ್, ಮೀಟರಿಗೆ ಹತ್ತಿರ ಹತ್ತಿರ 1.4 ಕೆಜಿ ತೂಗತ್ತೆ. ಆಗ ಬರೀ ಚೌಕಟ್ಟೇ 26 ಕೆಜಿ, ಕಾಲು, ನಟ್ಟು ಬೋಲ್ಟು ಸೇರಿದ್ರೆ 30 ದಾಟ್ತು. ಈಗ ಜಿಮ್ನಿ 3 ಡೋರಿಗೆ ಹೊರದೇಶದ ಮ್ಯಾನ್ಯುಯಲ್‌ಗಳಲ್ಲಿ ಮೇಲ್ಗಡೆ ಲೋಡ್ 30 ಕೆಜಿ ಅಂತ ಇದೆ, ನಾನು ನನ್ನ 5 ಡೋರಿಗೂ ಅದನ್ನೇ ಹಿಡ್ಕೊಂಡೆ. ಅಂದ್ರೆ ಕ್ಯಾರಿಯರ್ ಒಂದೇ ಇಡೀ ಕೋಟಾ ತಿಂದ್ಹಾಕ್ತು, ಮೇಲೆ ಒಂದು ಚಾಪೆ ಇಡೋಕೂ ಜಾಗ ಇಲ್ಲ! ಲಗೇಜ್ ಹೊರೋಕೆ ಅಂತ ಮಾಡಿಸಿ ಬರೀ ಕ್ಯಾರಿಯರ್ ಹೊತ್ಕೊಂಡು ತಿರುಗೋದು.

ಈ 30, 50, 75 ಕೆಜಿ ಅಂತ ಕಂಪನಿಯೋರು ಕೊಡೋ ನಂಬರ್ ಗಾಡಿ ಓಡ್ತಿರುವಾಗಿನ ಲೆಕ್ಕ. ನಿಂತಿದ್ದಾಗ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಡಿಯತ್ತೆ, ಇಲ್ಲಾಂದ್ರೆ ರೂಫ್ ಟಾಪ್ ಟೆಂಟಲ್ಲಿ ಇಬ್ರು ಮಲಗೋಕೇ ಆಗ್ತಿರ್ಲಿಲ್ಲ. "ನಾನೇ ಮೇಲೆ ಹತ್ತಿ ಕುಣಿದೆ, ಏನೂ ಆಗ್ಲಿಲ್ಲ" ಅಂತ ಬಹಳ ಜನ ವಿಡಿಯೋ ಹಾಕ್ತಾರಲ್ಲ, ಅದು ಏನನ್ನೂ ತೋರಿಸಲ್ಲ. ಕ್ಯಾರಿಯರ್ ಮುರಿಯೋದು ನಿಂತಾಗ ಅಲ್ವಲ್ಲ. ಹಂಪ್ ಕಾಣದೆ ಹಾರಿಸಿದಾಗ, ಕೋಲಾರದ ಕಡೆ ಕಲ್ಲುದಾರೀಲಿ ಗಾಡಿ ಬಿದ್ದು ಏಳುವಾಗ, ಮೇಲಿರೋ 30 ಕೆಜಿ ಒಂದು ಕ್ಷಣಕ್ಕೆ 60, 90 ಕೆಜಿ ಥರ ವರ್ತಿಸತ್ತೆ. ಜೋರಾಗಿ ಬ್ರೇಕ್ ಹೊಡೆದ್ರೆ ಅದೇ 30 ಕೆಜಿ ಇಪ್ಪತ್ತಕ್ಕಿಂತ ಜಾಸ್ತಿ ಕೆಜಿಯಷ್ಟು ಬಲದಲ್ಲಿ ಮುಂದಕ್ಕೆ ತಳ್ಳತ್ತೆ. ಅದನ್ನೆಲ್ಲ ತಡಿಯೋದು ಮಧ್ಯದ ಪೈಪ್‌ಗಳಲ್ಲ. ಗಾಡಿಗೂ ಕ್ಯಾರಿಯರಿಗೂ ನಡುವೆ ಇರೋ ನಾಕೋ ಆರೋ ಕಾಲು, ಅಷ್ಟೇ. ನಾನು ನೋಡಿರೋ ಮುರಿದ ಕ್ಯಾರಿಯರ್‌ಗಳಲ್ಲಿ ಪೈಪ್ ಬಗ್ಗಿದ್ದು ಕಮ್ಮಿ, ಕಾಲಿನ ಬುಡದಲ್ಲಿ, ವೆಲ್ಡ್ ಮುಗಿಯೋ ಅಂಚಲ್ಲಿ ಸಣ್ಣ ಬಿರುಕು ಶುರುವಾಗಿ ಹೋಗಿದ್ದೇ ಜಾಸ್ತಿ. ಮೇಲೆ ಪೈಪ್ ಸೇರಿಸಿದಷ್ಟೂ ಆ ಬಿರುಕಿಗೆ ಇನ್ನೂ ಭಾರ ಹಾಕ್ದಂಗೆ.

ಹಂಗಾದ್ರೆ ಕಮ್ಮಿ ಪೈಪಲ್ಲಿ ಬಾಗದೇ ಇರೋ ಹಾಗೆ ಹೆಂಗೆ ಮಾಡೋದು? ಇಲ್ಲಿ ಒಂದು ಮಜಾ ಲೆಕ್ಕ ಇದೆ. ಒನ್ ಬೈ ಒನ್ ಬದ್ಲು ಟೂ ಬೈ ಒನ್, ಅಂದ್ರೆ 50×25 ಪೈಪು, ಎರಡೂ ಹದಿನಾರು ಗೇಜ್ ಅಂದ್ರೆ 1.6 ಎಂಎಂ ದಪ್ಪದ್ದು, ಎರಡಿಂಚಿನ ಕಡೆ ನೆಟ್ಟಗೆ ನಿಲ್ಲಿಸಿ ಹಾಕಿದ್ರೆ ತೂಕ ಜಾಸ್ತಿ ಆಗೋದು ಒಂದೂವರೆ ಪಟ್ಟು, ಆದ್ರೆ ಬಾಗದೇ ಇರೋ ಶಕ್ತಿ ಐದು ಪಟ್ಟಿಗಿಂತ ಜಾಸ್ತಿ. ಎತ್ತರ ಅಷ್ಟು ಕೆಲ್ಸ ಮಾಡತ್ತೆ, ಮನೆ ಕಟ್ಟೋ ಮೇಸ್ತ್ರಿಗಳು ಬೀಮ್ ಅಗಲಕ್ಕಿಂತ ಎತ್ತರ ಜಾಸ್ತಿ ಕೊಡೋದೂ ಇದಕ್ಕೇ. ಅದೇ ಪೈಪ್ ಮಲಗಿಸಿ ಹಾಕಿದ್ರೆ ದುಡ್ಡು ಕೊಟ್ಟು ಭಾರ ತಗೊಂಡಂಗೆ. ಹಂಗಾಗಿ ಕಾಲು ಬರೋ ಜಾಗದಲ್ಲಿ ಮಾತ್ರ ಅಡ್ಡಕ್ಕೆ ಟೂ ಬೈ ಒನ್ ನಿಲ್ಲಿಸಿ ಕೊಟ್ಟು, ಉಳಿದ ಚೌಕಟ್ಟೆಲ್ಲ ಒನ್ ಬೈ ಒನ್ ಹದಿನಾರು ಗೇಜಲ್ಲಿ ಮಾಡಿಸಿದೆ. ಕಾಲೂ ಸೇರಿ 15 ಕೆಜಿ ಆಸುಪಾಸು ನಿಂತ್ಕೊಳ್ತು. ಇನ್ನರ್ಧ ಕೋಟಾ ಲಗೇಜಿಗೆ. ಟೆಂಟು, ಕುರ್ಚಿ, ಟಾರ್ಪಾಲ್, ಮ್ಯಾಟು, ಇಂಥ ಹಗುರ ಆದ್ರೆ ಜಾಗ ತಿನ್ನೋ ಸಾಮಾನಿಗೆ ಅಷ್ಟು ಸಾಕು. ನೀರಿನ ಕ್ಯಾನು, ಡೀಸೆಲ್ ಕ್ಯಾನು, ಟೂಲ್ ಬಾಕ್ಸು, ಸ್ಟೆಪ್ನಿ ಇವನ್ನೆಲ್ಲ ಮೇಲೆ ಏರಿಸೋರನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ, 20 ಲೀಟರ್ ನೀರು ಅಂದ್ರೇನೇ 20 ಕೆಜಿ, ಅದೂ ಒಳಗೆ ಅಲ್ಲಾಡೋ 20 ಕೆಜಿ, ಗಾಡಿ ಪಕ್ಕಕ್ಕೆ ವಾಲಿದಾಗ ಅದೂ ಅದೇ ಪಕ್ಕಕ್ಕೆ ಎಳೆಯತ್ತೆ.

ಅಲ್ಯೂಮಿನಿಯಂ ಯಾಕೆ ಮಾಡಿಸ್ಲಿಲ್ಲ ಅಂತ ಕೇಳ್ತಾರೆ. ತೂಕ ಕಬ್ಬಿಣದ ಮೂರನೇ ಒಂದು ಭಾಗ, ನಿಜ. ಆದ್ರೆ ಬಿಗಿನೂ ಮೂರನೇ ಒಂದೇ, ಅದೇ ಅಳತೆ ಪೈಪ್ ಹಾಕಿದ್ರೆ ಮೂರು ಪಟ್ಟು ಬಗ್ಗತ್ತೆ, ಸೋ ಪೈಪ್ ದೊಡ್ಡದು ಮಾಡ್ಬೇಕು. ಇನ್ನೊಂದು ತೊಂದ್ರೆ ವೆಲ್ಡಿಂಗು. 6061, 6063 ಅಂತ ಬರೋ ಗಟ್ಟಿ ಗ್ರೇಡ್‌ಗಳಿಗೆ ಆ ಗಟ್ಟಿತನ ಬಂದಿರೋದೇ ಹೀಟ್ ಟ್ರೀಟ್‌ಮೆಂಟಿಂದ, ವೆಲ್ಡ್ ಮಾಡಿದ ಜಾಗದಲ್ಲಿ ಆ ಟ್ರೀಟ್‌ಮೆಂಟ್ ಹೊರಟುಹೋಗಿ ಮೆತ್ತಗಾಗತ್ತೆ, ಅಂದ್ರೆ ನಿಮಗೆ ಎಲ್ಲಿ ಗಟ್ಟಿ ಬೇಕೋ ಸರಿಯಾಗಿ ಅಲ್ಲೇ. ಅದಕ್ಕೆ ಅಲ್ಯೂಮಿನಿಯಂ ಬೇಕು ಅನ್ನೋರು ವೆಲ್ಡಿಂಗ್ ಸಹವಾಸ ಬಿಟ್ಟು ಟಿ-ಸ್ಲಾಟ್ ಪ್ರೊಫೈಲ್ ತಗೊಳ್ಳಿ. ಪೀಣ್ಯದಲ್ಲಿ ಮಷೀನ್ ಮಾಡೋರು ಫ್ರೇಮಿಗೆ ಬಳಸ್ತಾರಲ್ಲ, ಉದ್ದಕ್ಕೂ ತೋಡು ಇರೋ 40×40 ಪಟ್ಟಿ, ಅದೇ. ಕಟ್ ಮಾಡ್ಸೋದು, ಬೋಲ್ಟ್ ಹಾಕೋದು, ನಾಳೆ ಬೇಡ ಅಂದ್ರೆ ಬಿಚ್ಚೋದು. ವೆಲ್ಡರ್ ಬೇಡ, ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲೇ ಅಲನ್ ಕೀ ಇಟ್ಕೊಂಡು ಕೂರಬಹುದು. ಬೋಲ್ಟ್ ಸಡಿಲ ಆಗೋದೊಂದೇ ಕಾಟ, ಲಾಕ್‌ಟೈಟ್ (ಬೋಲ್ಟ್ ಹಿಡಿಯೋ ಅಂಟು) ಹಚ್ಚಿ, ಮತ್ತೆ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಮಿಗೆ ನೇರ ತಾಗಿ ಮಳೆ ಬಿದ್ರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿ ಪುಡಿ ಆಗತ್ತೆ, ಮಧ್ಯ ನೈಲಾನ್ ವಾಷರ್ ಕೊಡಿ.

ಕಾಲಿನ ಕಥೆಗೆ ಬರೋಣ. ಜಿಮ್ನಿಗೆ ಹಳೇ ಗಾಡಿಗಳ ಥರ ರೂಫಿನ ಎರಡೂ ಕಡೆ ಗಟರ್ ಇದೆ, ಮಳೆನೀರು ಹರಿಯೋ ತೋಡು, ಇದೊಂದು ಪುಣ್ಯ. ಈಗಿನ ಬಹಳ ಗಾಡಿಗಳಲ್ಲಿ ಇದು ಇಲ್ವೇ ಇಲ್ಲ, ಅವುಕ್ಕೆ ಕಂಪನಿ ಕೊಟ್ಟಿರೋ ಮೌಂಟಿಂಗ್ ಪಾಯಿಂಟ್ ಹುಡುಕ್ಬೇಕು, ಅದೂ ಇಲ್ಲಾಂದ್ರೆ ಮೇಲೆ ಭಾರ ಹಾಕೋ ಐಡಿಯಾನೇ ಬಿಡೋದು ಒಳ್ಳೇದು, ರೂಫ್ ತಗಡಿಗೆ ತೂತು ಹೊಡೆದು ಹಾಕಿಸ್ಕೊಂಡೋರ ಗಾಡಿ ಮೊದಲ ಮಳೆಗಾಲ ಮುಗಿಯೋದ್ರೊಳಗೆ ಒಳಗಡೆ ಬಟ್ಟೆ ಒದ್ದೆ ಆಗಿ ವಾಸನೆ ಬರತ್ತೆ. ಗಟರ್ ಇದ್ರೆ ಕಾಲಿನ ಬುಡಕ್ಕೆ ಕೊಕ್ಕೆ ಥರ ಬಗ್ಗಿರೋ ಪ್ಲೇಟು, ಹೊರಗಡೆಯಿಂದ ಹಿಡಿಯೋ ಇನ್ನೊಂದು ಪ್ಲೇಟು, ಎರಡನ್ನೂ ಬಿಗಿಯೋ ಎಂ8, ಅಂದ್ರೆ 8 ಎಂಎಂ ಬೋಲ್ಟು. ಮೊದ್ಲು ಕಾರ್ಡ್‌ಬೋರ್ಡಲ್ಲಿ ಕತ್ತರಿಸಿ ಗಟರಿಗೆ ಕೂರಿಸಿ ನೋಡಿ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಎತ್ತರ ಒಂದೇ ಇರಲ್ಲ, ರೂಫ್ ಮೇಲ್ನೋಟಕ್ಕೆ ಸಪಾಟಾಗಿ ಕಂಡ್ರೂ ಉದ್ದಕ್ಕೂ ಅಡ್ಡಕ್ಕೂ ಸಣ್ಣಗೆ ಡೊಂಕಿರತ್ತೆ. ಆಮೇಲೆ ಅದೇ ಆಕಾರ ಲೇಸರ್ ಕಟಿಂಗಿಗೆ ಕೊಟ್ರೆ ಪೀಣ್ಯದಲ್ಲಿ ಸಣ್ಣ ಆರ್ಡರ್ ಕೂಡ ತಗೋತಾರೆ, ನಾಕು ಪೀಸಿಗೆ ಮೂತಿ ತಿರುಗಿಸೋರೂ ಇದಾರೆ, ಹಂಗಾದ್ರೆ ಪಕ್ಕದ ಶೆಡ್ಡಿಗೆ ಹೋಗಿ. ಕಾಲು ನಾಕರ ಬದ್ಲು ಆರು ಕೊಟ್ರೆ ಗಟರಿನ ಮೇಲೆ ಒತ್ತಡ ಹಂಚ್ಕೊಳತ್ತೆ. ಪೈಪ್ ಉಳಿಸಿದ ತೂಕ ಎಲ್ಲಿ ಖರ್ಚು ಮಾಡ್ಬೇಕು ಅಂದ್ರೆ ಇಲ್ಲೇ ಮಾಡ್ಬೇಕು. ಪೇಂಟಿಗೂ ಪ್ಲೇಟಿಗೂ ನಡುವೆ ರಬ್ಬರ್ ಕೊಡಿ, ಆದ್ರೆ ಆ ರಬ್ಬರಡಿ ಮಣ್ಣು ನೀರು ನಿಂತು ಗಟರೇ ತುಕ್ಕು ಹಿಡಿಯತ್ತೆ, ಅವಾಗವಾಗ ಬಿಚ್ಚಿ ಒರೆಸ್ಬೇಕು.

ಬೋಲ್ಟ್ ವಿಷ್ಯದಲ್ಲಿ ಜುಗ್ಗತನ ಬೇಡ. ಎಸ್‌ಪಿ ರೋಡಿನ ಗಲ್ಲಿಗಳಲ್ಲಿ ನಟ್ಟು ಬೋಲ್ಟೇ ಮಾರೋ ಅಂಗಡಿಗಳಿವೆ, ತಲೆ ಮೇಲೆ 8.8 ಅಂತ (ಗಟ್ಟಿತನದ ಗ್ರೇಡು ಅದು) ಅಚ್ಚಿರೋದು ಕೇಳಿ ತಗೊಳ್ಳಿ, ಏನೂ ಬರೆದಿಲ್ಲದ ಹೊಳೆಯೋ ಬೋಲ್ಟ್ ಬೇಡ. ನಟ್ ನೈಲಾಕ್ ಇರಲಿ, ಒಳಗೆ ನೈಲಾನ್ ರಿಂಗ್ ಇರೋದು. ಟಾರ್ಕ್ ರೆಂಚ್ ಇದ್ರೆ 8.8 ಎಂ8ಗೆ 25 ನ್ಯೂಟನ್ ಮೀಟರ್ ಹತ್ತಿರ, ಆದ್ರೆ ಗಟರ್ ಹಿಡ್ಕೊಂಡಿರೋ ಬೋಲ್ಟಿಗೆ ಅಷ್ಟು ಕೊಟ್ರೆ ಗಟರೇ ನೆಗ್ಗಿ ಹೋಗತ್ತೆ, ಅಲ್ಲಿ ಕಮ್ಮಿ ಕೊಟ್ಟು ಮೊದಲ ನೂರು ಕಿಲೋಮೀಟರ್ ಆದ್ಮೇಲೆ ಮತ್ತೆ ನೋಡಿ ಬಿಗಿ ಮಾಡೋದು.

ವೆಲ್ಡಿಂಗಿಗೆ ಹದಿನಾರು ಗೇಜ್ ಅಂದ ತಕ್ಷಣ ಕಡ್ಡಿ ವೆಲ್ಡಿಂಗ್ ಮಾಡೋರು ಮುಖ ಸಿಂಡರಿಸ್ತಾರೆ, ತೂತು ಬೀಳತ್ತೆ ಸಾರ್ ಅಂತ. ಬೀಳತ್ತೆ ನಿಜ, ಕೈ ಕೂತಿರೋರು 2.5 ಎಂಎಂ ಕಡ್ಡಿ ಇಟ್ಕೊಂಡು ಕರೆಂಟ್ ಇಳಿಸಿ ಚೂರು ಚೂರೇ ಹಾಕಿ ನಿಭಾಯಿಸ್ತಾರೆ, ಆದ್ರೆ ಸಿಒಟು ವೆಲ್ಡಿಂಗ್ (ಕಡ್ಡಿ ಬದ್ಲು ತಂತಿ, ಗ್ಯಾಸ್ ಬಳಸೋದು) ಇರೋ ಶೆಡ್ ಸಿಕ್ರೆ ಅಲ್ಲೇ ಮಾಡಿಸಿ. ಮೊದ್ಲು ಎಲ್ಲಾ ಕಡೆ ಬರೀ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ಮೂಲೆ ಮಟ್ಟ ನೋಡಿ, ಎದುರುಬದುರು ಮೂಲೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಬರತ್ತಾ ನೋಡಿ, ಆಮೇಲೆ ಈ ಮೂಲೇಲಿ ಚೂರು ಆ ಮೂಲೇಲಿ ಚೂರು ಅಂತ ತುಂಬಿಸ್ಬೇಕು. ಒಂದೇ ಕಡೆಯಿಂದ ಸರಸರ ಹೊಡ್ಕೊಂಡು ಹೋದ್ರೆ ಚೌಕಟ್ಟು ಹಪ್ಪಳದ ಥರ ತಿರುಚ್ಕೊಳತ್ತೆ. ಗಾಡಿ ಮೇಲೇ ಇಟ್ಟು ಟ್ಯಾಕ್ ಹಾಕೋಣ ಅಂತಾರೆ, ಬೇಡ, ಕಿಡಿ ಗ್ಲಾಸಿಗೆ ಬಿದ್ರೆ ಕಲೆ ಹೋಗಲ್ಲ, ಈಗಿನ ಗಾಡಿಗಳ ಎಲೆಕ್ಟ್ರಾನಿಕ್ಸ್‌ಗೂ ಒಳ್ಳೇದಲ್ಲ. ಹಾಕ್ಲೇಬೇಕು ಅಂದ್ರೆ ಬ್ಯಾಟರಿ ಬಿಚ್ಚಿ, ಗಾಡಿಗೆ ಒದ್ದೆ ಗೋಣಿಚೀಲ ಹೊದಿಸಿ.

ಜಿಐ, ಅಂದ್ರೆ ಸತು ಲೇಪಿಸಿದ ಪೈಪ್ ತಗೊಂಡ್ರೆ ತುಕ್ಕಿನ ತಲೆನೋವೇ ಇಲ್ಲ ಅನ್ನೋ ಐಡಿಯಾ ನಂಗೂ ಒಬ್ರು ಕೊಟ್ರು. ವೆಲ್ಡ್ ಮಾಡುವಾಗ ಆ ಸತುವಿನ ಲೇಪ ಸುಟ್ಟು ಬಿಳೀ ಹೊಗೆ ಬರತ್ತೆ, ಅದನ್ನ ಕುಡಿದ್ರೆ ರಾತ್ರಿ ಚಳಿಜ್ವರ, ಮೈಕೈ ನೋವು. ಹಾಲು ಕುಡಿದ್ರೆ ಸರಿಹೋಗತ್ತೆ ಅಂತ ವೆಲ್ಡಿಂಗ್ ಶಾಪಲ್ಲಿ ಎಲ್ರೂ ಹೇಳ್ತಾರೆ, ಹಾಲು ಹೊಟ್ಟೆಗೆ ಹೋಗತ್ತೆ, ಹೊಗೆ ಹೋಗಿರೋದು ಶ್ವಾಸಕೋಶಕ್ಕೆ. ಇನ್ನೊಬ್ರ ಆರೋಗ್ಯ ಕೆಡಿಸಿ ನಮ್ಮ ಕ್ಯಾರಿಯರ್ ಆಗೋದು ಬೇಡ, ಕಪ್ಪು ಎಂಎಸ್ ಪೈಪೇ ತಗೊಂಡು ಪೌಡರ್ ಕೋಟಿಂಗ್ ಮಾಡಿಸಿ. ಪೌಡರ್ ಕೋಟಿಂಗ್ ಒಲೇಲಿ 180ರಿಂದ 200 ಡಿಗ್ರಿಯಲ್ಲಿ ಬೇಯಿಸ್ತಾರೆ, ಪೈಪ್ ಎಲ್ಲಾ ಕಡೆ ಮುಚ್ಚಿದ್ರೆ ಒಳಗಿನ ಗಾಳಿ ಹಿಗ್ಗಿ ಸಣ್ಣ ಸಂದಿಯಿಂದ ಬುಸ್ ಅಂತ ಹೊರಗೆ ಬಂದು ಅಲ್ಲಿ ಕೋಟಿಂಗ್ ಗುಳ್ಳೆ ಬರತ್ತೆ, ಅದಕ್ಕೆ ಕೆಳಮುಖಕ್ಕೆ ಸಣ್ಣ ತೂತು ಬಿಡಬೇಕು, ಆಮೇಲೆ ಒಳಗೆ ಸೇರಿದ ಮಳೆನೀರು ಇಳಿಯೋಕೂ ಅದೇ ದಾರಿ. ತೂತೆಲ್ಲ ಕೋಟಿಂಗಿಗೆ ಮುಂಚೆನೇ ಹೊಡೀಬೇಕು, ಆಮೇಲೆ ಡ್ರಿಲ್ ಹಾಕಿದ್ರೆ ತುಕ್ಕಿಗೆ ಬಾಗಿಲು ತೆಗೆದಂಗೆ.

ಈಗ ಭಾವನ ಪಿಕಪ್. ಅವರ ಬೇಡಿಕೆ ಕೇಳಿದ್ರೆ ತಲೆ ತಿರುಗತ್ತೆ: ಮೆಣಸು ಕೊಯ್ಯೋ ಏಣಿ ಹಾಕ್ಬೇಕು, ಸ್ಪ್ರಿಂಕ್ಲರ್ ಪೈಪ್ ಹಾಕ್ಬೇಕು, ಅದರ ಕೆಳಗೆ ಗೊಬ್ಬರದ ಮೂಟೆನೂ ಹಿಡೀಬೇಕು, ಮಕ್ಕಳ ಸೈಕಲ್ಲೂ ಹೋಗ್ಬೇಕು, ಅಕ್ಕ ಕೇಳಿದ್ರೆ ಟೆಂಟ್ ಹಾಕೋಕೆ ಅಂತ ಹೇಳ್ಬೇಕು. ಸ್ಪ್ರಿಂಕ್ಲರ್ ಪೈಪ್ ಮೊದ್ಲೇ ಬೇಡ ಅಂದೆ. ಅದು 6 ಮೀಟರ್, ವಿ-ಕ್ರಾಸ್ ಉದ್ದವೇ 5.3 ಮೀಟರ್, ಹೆಂಗೆ ಇಟ್ರೂ ಹೊರಗೆ ಚಾಚತ್ತೆ, ಹಿಂದಕ್ಕೆ ಸರಳು ಚಾಚಿಕೊಂಡು ಹೋಗೋ ಗಾಡಿಗಳಿಂದ ಆಗಿರೋ ಆಕ್ಸಿಡೆಂಟ್‌ಗಳು ಒಂದೆರಡಲ್ಲ. "ಅದಕ್ಕೆ ಟ್ರ್ಯಾಕ್ಟರ್ ಇದೆಯಲ್ಲ ಭಾವ, ಅದರಲ್ಲೇ ತೋಟದೊಳಗೆ ಸಾಗಿಸಿ" ಅಂದೆ. ಗೊಣಗಿದ್ರು, ಒಪ್ಕೊಂಡ್ರು.

ಪಿಕಪ್ಪಲ್ಲಿ ಒಂದು ದೊಡ್ಡ ಅನುಕೂಲ ಏನಂದ್ರೆ ಹಿಂದಿನ ಟಬ್ಬಿನ (ಸಾಮಾನು ತುಂಬೋ ತೊಟ್ಟಿಯ) ಮೇಲೆ ಹಾಕಿದ ಭಾರ ನೇರ ಛಾಸಿಗೆ, ಅಲ್ಲಿಂದ ಲೀಫ್ ಸ್ಪ್ರಿಂಗಿಗೆ ಇಳಿಯತ್ತೆ, ಅದನ್ನ ಮಾಡಿರೋದೇ ಭಾರ ಹೊರೋಕೆ. ಕ್ಯಾಬಿನ್ ಮೇಲೆ ಹಾಕೋ ಬದ್ಲು ಟಬ್ ಮೇಲೆ ಹಾಕಿ ಅನ್ನೋದಕ್ಕೆ ಇದೇ ಕಾರಣ. ಆದ್ರೆ ಇಲ್ಲಿ ನಮ್ಮ ಶೆಡ್ ಅಣ್ಣಂಗೂ ನಂಗೂ ಮತ್ತೆ ಬಿತ್ತು. ಅವರ ಪ್ರಕಾರ ಹಿಂದೆ ಟಬ್ಬಲ್ಲಿ ನಾಕು ಕಂಬ, ಮುಂದೆ ಕ್ಯಾಬಿನ್ ರೂಫಿಗೆ ಎರಡು ಕಾಲು, ಉದ್ದಕ್ಕೂ ಒಂದೇ ಚೌಕಟ್ಟು. ನೋಡೋಕೆ ಚೆನ್ನಾಗಿರತ್ತೆ. ಪಿಕಪ್ಪಲ್ಲಿ ಕ್ಯಾಬಿನ್ ಬೇರೆ ಟಬ್ ಬೇರೆ, ಎರಡೂ ಛಾಸಿ ಮೇಲೆ ಬೇರೆ ಬೇರೆಯಾಗಿ ಕೂತಿರೋದು, ಮಧ್ಯ ಸಂದಿ ಬಿಟ್ಟಿರೋದೂ ಅದಕ್ಕೇ. ಒಂದು ಚಕ್ರ ಹಳ್ಳಕ್ಕೆ ಇಳಿದು ಎದುರು ಮೂಲೆ ಚಕ್ರ ಬಂಡೆ ಹತ್ತಿದಾಗ ಛಾಸಿ ತಿರುಚತ್ತೆ, ಕ್ಯಾಬಿನ್ ಒಂದು ಕಡೆ ವಾಲಿದ್ರೆ ಟಬ್ ಇನ್ನೊಂದು ಕಡೆ. ನಂಬಿಕೆ ಇಲ್ಲಾಂದ್ರೆ ಹಂಗೆ ನಿಲ್ಲಿಸಿ ಆ ಸಂದಿಯಲ್ಲಿ ಬೆರಳಿಟ್ಟು, ಬೇಡ ಬೆರಳು ಬೇಡ, ಒಂದು ಕಡ್ಡಿ ಇಟ್ಟು ನೋಡಿ. ಎರಡಕ್ಕೂ ಸೇರಿಸಿ ಒಂದೇ ಕ್ಯಾರಿಯರ್ ಬಿಗಿದ್ರೆ ಆ ತಿರುಚೋ ಬಲ ಎಲ್ಲಾ ಕ್ಯಾರಿಯರ್ ಕಾಲಿಗೆ, ಇಲ್ಲಾ ಕ್ಯಾಬಿನ್ ರೂಫಿಗೆ ಬೀಳತ್ತೆ, ಯಾವುದು ಮೆತ್ತಗಿದೆಯೋ ಅದು ಮೊದ್ಲು ಕಿತ್ಕೊಳತ್ತೆ. ಏಣಿಗೆ ಮುಂದೆ ಆಸರೆ ಬೇಕೇ ಬೇಕು ಅಂದ್ರೆ ಟಬ್ಬಿನ ಕಂಬದಿಂದಲೇ ಕ್ಯಾಬಿನ್ ಮೇಲೆ ಚಾಚೋ ಹಾಗೆ ಮಾಡಿ, ರೂಫಿಗೆ ತಾಗದಂತೆ ಎರಡು ಮೂರು ಇಂಚು ಸಂದಿ ಬಿಡಿ. ನಾವು ಅದನ್ನೇ ಮಾಡಿದ್ವಿ, ಆ ಚಾಚಿದ ಭಾಗದಲ್ಲಿ ಏಣಿ ತುದಿ ಬಿಟ್ಟು ಇನ್ನೇನೂ ಇಡಲ್ಲ ಅಂತ ಭಾವನ ಹತ್ರ ಮಾತು ತಗೊಂಡು.

ಕಂಬದ ಬುಡ ಟಬ್ಬಿನ ಅಂಚಿಗೆ ಕ್ಲಾಂಪ್ ಹಾಕಿ ಹಿಡಿಸೋದು. ಒಳಗೆ ಪ್ಲಾಸ್ಟಿಕ್ ಲೈನರ್ ಇತ್ತು, ಅಂಚಿನ ಮೇಲೂ ಮಡಚಿ ಬಂದಿರೋ ಥರದ್ದು. ಅದರ ಮೇಲೇ ಕ್ಲಾಂಪ್ ಹಾಕಿದ್ರೆ ಪ್ಲಾಸ್ಟಿಕ್ ದಿನಾ ಚೂರು ಚೂರು ಅದುಮ್ಕೊಂಡು ಹೋಗಿ ಬಿಗಿ ಮಾಡಿದಷ್ಟೂ ಸಡಿಲ ಆಗ್ತಾನೇ ಇರತ್ತೆ. ಕ್ಲಾಂಪ್ ಬರೋ ಅಷ್ಟು ಜಾಗದಲ್ಲಿ ಮಾತ್ರ ಲೈನರ್ ಕತ್ತರಿಸಿ, ಕಬ್ಬಿಣಕ್ಕೆ ಕಬ್ಬಿಣ ಕೂರೋ ಹಾಗೆ ಮಾಡಿ, ಮಧ್ಯ ತೆಳ್ಳನೆ ರಬ್ಬರ್ ಪಟ್ಟಿ. ಟಬ್ಬಿನ ಅಂಚು ತಗಡೇ ಆಗಿರೋದ್ರಿಂದ ಕ್ಲಾಂಪಿನ ಕೆಳಗೆ ಅಂಗೈ ಅಗಲದ 5 ಎಂಎಂ ಪ್ಲೇಟ್ ಕೊಡಿ, ಒತ್ತಡ ಹರಡಿಕೊಳ್ಳಲಿ.

ಕಂಬ ನಾಕು ನಿಂತು ಮೇಲೆ ಚೌಕಟ್ಟು ಕೂತ್ರೆ ಮುಗೀತು ಅಲ್ಲ. ಕೈಯಿಂದ ಮುಂದಕ್ಕೆ ತಳ್ಳಿ ನೋಡಿ, ಬೆಂಕಿಪೊಟ್ಟಣದ ಹೊರಕವಚ ಅದುಮಿದಾಗ ವಾಲತ್ತಲ್ಲ, ಹಂಗೇ ಇಡೀ ರ‍್ಯಾಕ್ ವಾಲತ್ತೆ. ಇದಕ್ಕೆ ಅಣ್ಣ ಕಂಬ ದಪ್ಪ ಮಾಡೋಣ ಅಂದ್ರು, ನಾನು ಮೂಲೆಗೊಂದು ತ್ರಿಕೋನದ ಪ್ಲೇಟು, ಪಕ್ಕಕ್ಕೆ ಒಂದು ಓರೆ ಪಟ್ಟಿ ಸಾಕು ಅಂದೆ. ಪ್ಲೇಟ್ ಹಾಕೋಕೆ ಮುಂಚೆ ಒಂದ್ಸಲ ತಳ್ಳಿದ್ರು, ಹಾಕಿದ್ಮೇಲೆ ಒಂದ್ಸಲ ತಳ್ಳಿದ್ರು, ಆಮೇಲೆ ಏನೂ ಮಾತಾಡ್ಲಿಲ್ಲ, ಟೀ ತರ್ಸಿದ್ರು.

ಎತ್ತರ ಎಷ್ಟಿರ್ಬೇಕು ಅನ್ನೋದು ಬೆಂಗಳೂರಲ್ಲಿ ಗಾಡಿಗಿಂತ ಬೇಸ್‌ಮೆಂಟ್ ಮೇಲೆ ಡಿಪೆಂಡು. ಜಿಮ್ನಿ 1.72 ಮೀಟರ್, ಥಾರ್ 1.85 ಹತ್ತಿರ. ಅಪಾರ್ಟ್‌ಮೆಂಟು, ಮಾಲ್‌ಗಳ ಪಾರ್ಕಿಂಗಲ್ಲಿ ಬಹಳ ಕಡೆ 2.1 ಮೀಟರ್ ಅಂತ ಕೆಂಪು ಬಿಳಿ ಪಟ್ಟೆ ಕಂಬಿ ನೇತಾಡ್ತಿರತ್ತೆ, ಅದರಾಚೆ ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ ಇನ್ನೂ ಕೆಳಗೆ ಇಳಿದಿರತ್ತೆ. ಇಳಿಜಾರಿಂದ ಸಮತಟ್ಟಿಗೆ ಬರೋ ಜಾಗದಲ್ಲಿ ಗಾಡಿ ಹಿಂಭಾಗ ಇನ್ನೂ ಇಳಿಜಾರಲ್ಲೇ ಇರೋದ್ರಿಂದ ಅಳತೆ ಪ್ರಕಾರ ಹೋಗ್ಬೇಕಾದ್ದೂ ಹೋಗಲ್ಲ. ಕ್ಯಾರಿಯರ್ ಮಾಡಿಸೋ ಮುಂಚೆ ನಿಮ್ಮ ಬಿಲ್ಡಿಂಗಲ್ಲಿ ಟೇಪ್ ಹಿಡಿದು ಒಂದು ರೌಂಡ್ ಹಾಕಿ, ಸೆಕ್ಯೂರಿಟಿಯವರು ಏನ್ ಸಾರ್ ಅಂತ ಕೇಳ್ತಾರೆ, ಕೇಳಲಿ. ಭಾವನದು ಕ್ಯಾಬಿನ್ ಎತ್ತರಕ್ಕಿಂತ ಸ್ವಲ್ಪವೇ ಮೇಲೆ ನಿಲ್ಲಿಸಿದ್ವಿ, ಗಾಳಿಗೂ ಅದೇ ಒಳ್ಳೇದು. ಗಾಳಿ ತಡೆ ಸ್ಪೀಡಿನ ವರ್ಗದಲ್ಲಿ ಏರತ್ತೆ, 80ರಿಂದ 100ಕ್ಕೆ ಹೋದ್ರೆ ಒಂದೂವರೆ ಪಟ್ಟಿಗಿಂತ ಜಾಸ್ತಿ, ಮೈಸೂರ್ ಎಕ್ಸ್‌ಪ್ರೆಸ್‌ವೇಲಿ ಮೇಲೆ ಸಾಮಾನು ಹಾಕ್ಕೊಂಡು 80ರಲ್ಲಿ ಹೋಗೋರಿಗೂ 100ರಲ್ಲಿ ಹೋಗೋರಿಗೂ ಪೆಟ್ರೋಲ್ ಬಂಕಲ್ಲಿ ವ್ಯತ್ಯಾಸ ಗೊತ್ತಾಗತ್ತೆ.

ಗಾಳಿ ಅಂದಾಗ ಶಬ್ದ. ಮುಂದಿನ ಅಡ್ಡಪಟ್ಟಿ ದುಂಡು ಪೈಪ್ ಹಾಕ್ಸಿದ್ರೆ ಒಂದು ಸ್ಪೀಡಲ್ಲಿ ಊಂ ಅಂತ ಶ್ರುತಿ ಹಿಡಿಯತ್ತೆ. ಗಾಳಿ ಪೈಪ್ ದಾಟುವಾಗ ಮೇಲೊಂದು ಕೆಳಗೊಂದು ಸುಳಿ ಬಿಟ್ಕೊಂಡು ಹೋಗತ್ತೆ, ಒಂದಿಂಚು ಪೈಪಿಗೆ ಗಂಟೆಗೆ 100 ಕಿಲೋಮೀಟರಲ್ಲಿ ಅದು ಸೆಕೆಂಡಿಗೆ ಸುಮಾರು 220 ಸಲ, ಅಂದ್ರೆ ಹೆಂಗಸರು ಹಾಡೋ ಶ್ರುತಿ ಹತ್ತಿರ ಹತ್ತಿರ, ಹಿಂದೆ ಕೂತಿರೋರು ಬೇಕಾದ್ರೆ ವರ್ಣ ಶುರು ಮಾಡಬಹುದು. ಪೈಪಿಗೆ ನೈಲಾನ್ ಹಗ್ಗ ಸುರುಳಿ ಸುರುಳಿಯಾಗಿ ದೂರ ದೂರ ಸುತ್ತಿ ಬಿಗಿದ್ರೆ ಆ ಸುಳಿಗಳು ಒಟ್ಟಿಗೆ ಸೇರಲ್ಲ, ಶಬ್ದ ನಿಲ್ಲತ್ತೆ, ಫ್ಯಾಕ್ಟರಿಯ ಎತ್ತರದ ಚಿಮಣಿಗಳಿಗೆ ಮೇಲ್ಗಡೆ ಸುರುಳಿ ಪಟ್ಟಿ ಇರೋದೂ ಇದೇ ಕಾರಣಕ್ಕೆ. ತುದಿ ತೆರೆದಿರೋ ಪೈಪ್ ಸೀಟಿ ಹೊಡೆಯತ್ತೆ, ಕುರ್ಚಿ ಕಾಲಿಗೆ ಹಾಕೋ ಪ್ಲಾಸ್ಟಿಕ್ ಕ್ಯಾಪ್ ತಂದು ಬಡೀರಿ.

ಇನ್ನು ಕಾನೂನು. ಇದನ್ನ ಓದದೇ ಮುಂದೆ ಹೋಗ್ಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲಾಗೋ ಥರ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಲಿ ಬಂದ 182ಎ ಪ್ರಕಾರ ಕಾನೂನು ಒಪ್ಪದ ಮಾರ್ಪಾಡಿಗೆ ಓನರಿಗೆ ಒಂದೊಂದಕ್ಕೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕೇ ನಾನು ಎರಡೂ ಗಾಡೀಲಿ ಒಂದು ತೂತೂ ಹೊಡೀಲಿಲ್ಲ, ಒಂದು ವೆಲ್ಡೂ ಗಾಡಿಗೆ ಹಾಕ್ಸಿಲ್ಲ, ಬೋಲ್ಟ್ ಬಿಚ್ಚಿದ್ರೆ ಗಾಡಿ ಮೊದ್ಲಿದ್ದ ಹಾಗೇ. ಹಂಗಂತ ಬಿಚ್ಚೋ ಕ್ಯಾರಿಯರ್ ಅಂದ್ರೆ ಯಾರೂ ಏನೂ ಕೇಳಲ್ಲ ಅಂತ ಗ್ಯಾರಂಟಿ ಕೊಡೋಕೆ ನಾನು ಆರ್‌ಟಿಓ ಅಲ್ಲ. ನಿಮ್ಮ ಏರಿಯಾ ಆರ್‌ಟಿಓಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಒಂದು ಮೇಲ್ ಹಾಕಿಡಿ, ಕ್ಲೇಮ್ ಬಂದಾಗ ಅದು ಬೇಕಾಗತ್ತೆ.

ಕಟ್ಟೋದಕ್ಕೆ ಹುಕ್ ಇರೋ ಎಲಾಸ್ಟಿಕ್ ಹಗ್ಗ ನಂಬ್ಬೇಡಿ, ಅದು ಟಾರ್ಪಾಲ್ ಹಾರದೇ ಇರೋಕೆ ಮಾತ್ರ. ಸಾಮಾನಿಗೆ ರ‍್ಯಾಚೆಟ್ ಬೆಲ್ಟು, ಅದರ ಪಟ್ಟಿ ಮೇಲೆ ಎಷ್ಟು ಕೆಜಿ ಅಂತ ಬರೆದಿರೋದು ಮಾತ್ರ ತಗೊಳ್ಳಿ, ಮತ್ತೆ ಬೆಲ್ಟನ್ನ ಮೇಲಿನ ಅಂಚಿಗೆ ಸಿಗಿಸೋ ಬದ್ಲು ಕಾಲಿನ ಹತ್ತಿರ ಸಿಗಿಸಿ. ಬೆಲ್ಟ್ ಗಾಳಿಗೆ ಪಟಪಟ ಅಂದ್ರೆ ಒಂದು ತಿರುವು ಹಾಕಿ ಕಟ್ಟಿ, ನಿಲ್ಲತ್ತೆ.

ಟೂರ್ ಮುಗಿದ್ಮೇಲೆ ನಂದನ್ನ ಬಿಚ್ಚಿ ಮನೆ ಯುಟಿಲಿಟೀಲಿ ಗೋಡೆಗೆ ಆನಿಸಿ ಇಡ್ತೀನಿ, ಒಬ್ನೇ ಎತ್ತಿ ಇಳಿಸೋ ಅಷ್ಟು ಹಗುರ ಇರೋದ್ರಿಂದ ಅದು ಸಾಧ್ಯ ಆಗಿರೋದು, 30 ಕೆಜಿ ಇದ್ದಿದ್ರೆ ಖಂಡಿತ ವರ್ಷಪೂರ್ತಿ ಗಾಡಿ ಮೇಲೇ ಇರ್ತಿತ್ತು. ಅದರಲ್ಲೂ ಬೋಲ್ಟ್ ಬಿಚ್ಚಿ ಹಾಕುವಾಗ್ಲೇ ಬಿರುಕು ಇದೆಯಾ ನೋಡೋಕೆ ಆಗೋದು, ಕಾಲಿನ ಬುಡಕ್ಕೆ ಟಾರ್ಚ್ ಹಾಕಿ, ಕೋಟಿಂಗ್ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡ್ರೆ ಅದು ಬರೀ ಮೇಲಿನ ತುಕ್ಕಲ್ಲ, ಅದರಡಿ ವೆಲ್ಡ್ ಬಿಟ್ಟಿರಬಹುದು ಅಂತ. ಭಾವ ಮಾತ್ರ ಬಿಚ್ಚಲ್ಲ. ಈಗ ಅದಕ್ಕೆ ಪಕ್ಕದಲ್ಲಿ ಕೊಡೆ ಥರ ಬಿಚ್ಕೊಳ್ಳೋ ಚಪ್ಪರ ಬೇಕಂತೆ, ಮೆಣಸು ಕೊಯ್ಲಲ್ಲಿ ನೆರಳಿಗೆ. ಭಾರ ಎಷ್ಟು ಅಂತ ಕೇಳಿದೆ, "ಅದೆಲ್ಲ ನೀನೇ ನೋಡ್ಕೊಳ್ಳಪ್ಪ" ಅಂದ್ರು.